ಲೆಂಪಿಯ ಸೋರುವ ಬಕೆಟ್ಟು

"ಅಯ್ಯೋ, ಬಿಸಿಲಿಗಿಡಬೇಡ್ವೇ! ನಿಮ್ಮತ್ತೆ ಹೆಣದ ಪೆಟ್ಟಿಗೆಯಿಂದ ಎದ್ದು ಬಂದಾಳು!"

ಪಕ್ಕದ ಮನೆಯ ಸೈಮಿ ಕೂಗಿದ ಕೂಡಲೇ ಕೆರ್ಟು ತಾನು ಉಜ್ಜುತ್ತಿದ್ದ ಮರದ ಬಕೆಟ್ಟನ್ನು ಹಬೆಸ್ನಾನದ ಮನೆಯ ನೆರಳಿಗೆ ಎಳೆದುಕೊಂಡಳು. ಮಧ್ಯಾಹ್ನ ಲೆಂಪಿ ಅತ್ತೆಯ ಮಣ್ಣು. ಮುಗಿಸಿ ಬರುವವರ ಕಾಫಿಗೆ ನೀರು ತುಂಬಿಡಬೇಕಿತ್ತು.

"ಸೋಪು ಹಾಕ್ಲಾ, ಚಿಕ್ಕಮ್ಮ?"

"ಹಾಕು, ಆಮೇಲೆ ನಿನ್ನ ಕಾಫೀನ ನೀನೇ ಕುಡಿ. ಮರಳು, ಬಿಸಿನೀರು, ಬರ್ಚ್ ಕಡ್ಡಿ ಪೊರಕೆ, ಅಷ್ಟೇ. ಆಮೇಲೆ ನೆರಳಲ್ಲಿ ಬೋರಲು ಹಾಕ್ಬೇಕು. ಇಡೀ ಊರಿಗೆ ಕಲಿಸಿದ್ಲು, ತಾನೇ ಸಾಕಿದ ಅಣ್ಣನ ಮಗಳಿಗೇ ಕಲಿಸ್ಲಿಲ್ಲ ನೋಡು."

ಸರೋವರದ ಕಡೆಯಿಂದ ಹುಟ್ಟಿನ ಸದ್ದು ಕೇಳಿತು. ಕಪ್ಪು ಕೋಟು ತೊಟ್ಟ ಮುದುಕನೊಬ್ಬ ದೋಣಿ ಕಟ್ಟಿ, ಟೊಪ್ಪಿ ತೆಗೆದು ಮೇಲೆ ಬಂದ.

"ನಾನು ಯಾಲ್ಮರಿ. ಆಚೆ ದಡದಲ್ಲಿ ಬಕೆಟ್ಟು ಮಾಡೋನು. ಇಗರ್ಜಿ ಗಂಟೆ ಕೇಳಿಸ್ತು. ಯಾರಿಗೆ ಅಂತ ವಿಚಾರಿಸಿದೆ." ಅವನು ಕೆರ್ಟುವಿನ ಮುಂದಿದ್ದ ಬಕೆಟ್ಟನ್ನು ನೋಡಿದ. "ಮಂಜುಗಡ್ಡೆ ಕರಗಿದ ಮೇಲೆ ಪ್ರತಿ ವರ್ಷ ರಿಪೇರಿಗೆ ಒಂದು ಬಕೆಟ್ಟು ತರ್ತಿದ್ರು, ಲೆಂಪಿ. ಈ ಸಲ ಬರ್ಲಿಲ್ಲ."

ಸೈಮಿ ನಕ್ಕೇಬಿಟ್ಟಳು. "ಲೆಂಪಿ ಬಕೆಟ್ಟು ಸೋರೋದಾ? ನೀವು ಯಾರದ್ದೋ ಸಾವಿಗೆ ಬಂದಿದ್ದೀರಿ, ಯಜಮಾನ್ರೇ."

ಕೆರ್ಟು ನಗಲಿಲ್ಲ.

*

ಅವಳು ಚಿಕ್ಕವಳಿದ್ದಾಗ ಒಮ್ಮೆ ಒಲೆಯ ಹಿಂದೆ ಬಕೆಟ್ಟೊಂದು ಸಿಕ್ಕಿತ್ತು. ಬಿಸಿಗೆ ಒಣಗಿ ಹಲಗೆಗಳು ಬಿಟ್ಟುಕೊಂಡು, ಅವನ್ನು ಸುತ್ತ ಬಿಗಿದಿದ್ದ ಕಬ್ಬಿಣದ ಬಳೆ ಕೆಳಗೆ ಜಾರಿತ್ತು. ಅತ್ತೆ ಮರೆತಿರಬೇಕೆಂದು ಅವಳು ಅದನ್ನು ಹೊತ್ತೊಯ್ದು ಸರೋವರದಲ್ಲಿ ಮುಳುಗಿಸಿದಳು. ಬೆಳಗಾಗುವಷ್ಟರಲ್ಲಿ ಹಲಗೆಗಳು ಉಬ್ಬಿ ಕೂಡಿಕೊಂಡಿದ್ದವು.

ಶಭಾಷ್ ಎನ್ನಿಸಿಕೊಳ್ಳಲು ಓಡಿಬಂದವಳಿಗೆ ಅತ್ತೆ ಬೈದಳು. ಬದುಕಿನಲ್ಲಿ ಬೈದದ್ದು ಅದೊಂದೇ ಸಲ. "ಯಾರು ಮುಟ್ಟು ಅಂದ್ರು ನಿಂಗೆ?" ಎಂದವಳೇ ಮುಖ ತಿರುಗಿಸಿ, ಆ ಬಕೆಟ್ಟನ್ನು ಮತ್ತೆ ಒಲೆಯ ಹಿಂದೆಯೇ ಇಟ್ಟಳು.

*

"ಒಣಗಿಸಿ ತರ್ತಿದ್ರು, ಅಲ್ವಾ?" ಕೆರ್ಟು ಮೆಲ್ಲಗೆ ಕೇಳಿದಳು.

ಮುದುಕನ ಕಿವಿ ಕೆಂಪಾಯಿತು. "ಒಂದು ರಾತ್ರಿ ನೀರಲ್ಲಿಟ್ರೆ ತಾನೇ ಸರಿಹೋಗೋದು. ಅವರಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ನಾನು ಬಳೆ ಬಡೀತಾ ಕೂರ್ತಿದ್ದೆ, ಅವರು ಕಾಫಿ ಕಾಯಿಸ್ತಿದ್ರು. ಸಂಜೆ ಹೊರಟುಹೋಗೋರು."

"ಹಾಗಾದ್ರೆ ಮದುವೆ ಆಗು ಅಂತ ಕೇಳೋಕೆ ಬಾಯಿರ್ಲಿಲ್ವಾ?" ಸೈಮಿ ರೇಗಿದಳು.

"ಕೇಳಿದ್ದೆ. ತಾಯಿಲ್ಲದ ಮಗು ಮೊದಲು ದೊಡ್ಡದಾಗ್ಲಿ ಅಂದ್ರು. ಮಗು ದೊಡ್ಡದಾದ್ಮೇಲೆ ಮತ್ತೆ ಕೇಳ್ದೆ. ಅಣ್ಣನಿಗೆ ಗಂಜಿ ಕಾಯ್ಸೋರು ಯಾರು ಅಂದ್ರು. ಆಮೇಲೆ ನಾನು ಕೇಳ್ಲಿಲ್ಲ. ಅವರು ಬರೋದನ್ನ ಬಿಡ್ಲಿಲ್ಲ."

ಮನೆಯ ಬಾಗಿಲಲ್ಲಿ ಲೆಂಪಿಯ ಅಣ್ಣ, ಕೆರ್ಟುವಿನ ಅಪ್ಪ ತಾವೆತ್ತಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅಂಗಿಯ ಕತ್ತಿನ ಗುಂಡಿ ಹಾಕಲು ಹೋದ ಬೆರಳು ಅಲ್ಲೇ ನಿಂತಿತ್ತು.

"ನನ್ನ ಹತ್ರ ಒಂದು ಮಾತೂ ಹೇಳ್ಲಿಲ್ಲ," ಎಂದ.

"ನೀನು ಕೇಳಿದ್ಯಾ?" ಎಂದಳು ಸೈಮಿ.

ಅವನು ಒಳಗೆ ಹೋದ.

ಮಧ್ಯಾಹ್ನ ಸಮಾಧಿಯ ಗುಂಡಿಯ ಅಂಚಿನಲ್ಲಿ ಪೆಟ್ಟಿಗೆ ಇಳಿಸುವವರು ಬಟ್ಟೆಯ ಪಟ್ಟಿಗಳನ್ನು ಹಿಡಿದು ನಿಂತರು. ತಲೆಯ ಕಡೆಯದು ಎಲ್ಲರಿಗಿಂತ ಹತ್ತಿರದ ಬಂಧುವಿನದು; ಅಲ್ಲಿ ತಾವೆತ್ತಿ ನಿಂತಿದ್ದ. ಇಳಿಸಿ ಎನ್ನುವಂತೆ ಪಾದ್ರಿ ತಲೆಯಾಡಿಸಿದರು. ತಾವೆತ್ತಿ ಅಲುಗಲಿಲ್ಲ. ಜನರ ಹಿಂದೆ, ಪೈನ್ ಮರದ ಬುಡದಲ್ಲಿ ಒಬ್ಬನೇ ನಿಂತವನ ಕಡೆ ತಿರುಗಿದ.

"ಯಾಲ್ಮರಿ, ಇಲ್ಲಿ ಬನ್ನಿ."

ಜನ ದಾರಿ ಬಿಟ್ಟರು. ಯಾರೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವೆತ್ತಿ ಪಟ್ಟಿಯನ್ನು ಅವನ ಕೈಗೆ ಕೊಟ್ಟು ಕಾಲಿನ ಕಡೆಗೆ ಹೋದ. ಯಾಲ್ಮರಿ ಅದನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡ. ಪೆಟ್ಟಿಗೆ ನಿಧಾನವಾಗಿ ಇಳಿದು ತಳ ಮುಟ್ಟಿತು. ಉಳಿದವರ ಪಟ್ಟಿಗಳೆಲ್ಲ ಸಡಿಲವಾದವು. ಅವನದು ಮಾತ್ರ ಇನ್ನೂ ಬಿಗಿಯಾಗಿಯೇ ಇತ್ತು.