ಡ್ರಾಯರಿನ ಆರೋಗ್ಯ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಹದಿನೆಂಟು ವರ್ಷ “ಉಸಿರು ಹಿಡೀರಿ, ಬಿಡಿ” ಎಂದು ಹೇಳಿ ಹೇಳಿ ಅವನಿಗೆ ಉಸಿರಪ್ಪ ಎಂಬ ಹೆಸರೇ ನಿಂತುಬಿಟ್ಟಿತ್ತು. ಮೂಳೆ ಡಾಕ್ಟರು ಕಿರಣ ಹಾಯಿಸುತ್ತಲೇ ಮುರಿದ ಕಾಲು ಕೂಡಿಸುವಾಗ, ಆ ಕಾಲನ್ನು ಅಲ್ಲಾಡದಂತೆ ಹಿಡಿಯುವವನೂ ಅವನೇ. ನಲವತ್ತಾರಕ್ಕೇ ಎರಡು ಕಣ್ಣಿಗೂ ಪೊರೆ ಬಂತು, ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಇಳಿಯಿತು.

“ಪೊರೆ ತೆಗೀಬಹುದು. ಆದ್ರೆ ಇನ್ಮೇಲೆ ಆ ಕೋಣೆ ಕಡೆ ತಲೆ ಹಾಕಬೇಡಿ” ಎಂದರು ಕಣ್ಣಿನ ಡಾಕ್ಟರು.

ಕಾಯಿಲೆ ಕೆಲಸದಿಂದಲೇ ಬಂದದ್ದೆಂದು ವಿಚಾರಣಾ ಸಮಿತಿ ಒಪ್ಪಿದರೆ ಆಸ್ಪತ್ರೆ ಬೇರೆ ಕುರ್ಚಿ ಕೊಡಬೇಕು. ಒಪ್ಪದಿದ್ದರೆ ಅನರ್ಹನೆಂದು ಮನೆಗೆ. ಅವನು ಕೇಳಿದ್ದು ಹಳೆ ಫೈಲುಗಳ ಕೋಣೆಯ ಕುರ್ಚಿ.

ಹದಿನೆಂಟು ವರ್ಷ ಅವನು ತಪ್ಪಿಸಿಕೊಂಡು ತಿರುಗಿದ್ದೂ ಅದೇ ಕುರ್ಚಿಯಿಂದ! ಮೈಗೆ ತಗುಲಿದ ಕಿರಣವನ್ನು ಅಳೆಯಲು ಎಲ್ಲರಿಗೂ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಕೊಟ್ಟಿದ್ದರು. ಅಳತೆ ಮೀರಿದವರನ್ನು ಮೂರು ತಿಂಗಳು ಫೈಲುಗಳ ಧೂಳಿಗೆ ತಳ್ಳುತ್ತಿದ್ದರು. ಅಲ್ಲಿ ಸೊರಗುವವರು ಯಾರು? ಹಾಗಾಗಿ ಇಡೀ ವಿಭಾಗದ ಬ್ಯಾಡ್ಜುಗಳು ಡ್ರಾಯರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಪಕ್ಕ, ತಂಪಾಗಿ ಮಲಗಿರುತ್ತಿದ್ದವು. ಮೂರು ತಿಂಗಳಿಗೊಮ್ಮೆ ಅಳತೆಗೆ ಹೋಗಿ, ಡ್ರಾಯರಿನ ಆರೋಗ್ಯ ಉತ್ತಮವಾಗಿದೆ ಎಂಬ ವರದಿ ತರುತ್ತಿದ್ದವು. ಎಂಟು ವರ್ಷದ ಹಿಂದೆ ತಂಗಿಗೆ ಅಲ್ಲೇ ಕೆಲಸ ಸಿಕ್ಕಾಗ ಉಸಿರಪ್ಪ ಮೊದಲು ಹೇಳಿಕೊಟ್ಟದ್ದೇ ಇದು: “ಡ್ರಾಯರಲ್ಲಿಡು. ಯಾರಾದ್ರೂ ಕೇಳಿದ್ರೆ ಎದೆ ಮೇಲಿತ್ತು ಅನ್ನು. ನಮ್ಮವರನ್ನ ಮಾತ್ರ ಬಿಟ್ಟುಕೊಡಬೇಡ.”

ಅಂಥ ಗುರು ಈಗ ಅದೇ ಶಿಷ್ಯೆಯ ಮುಂದೆ ತಪ್ಪಾಯಿತು ಅನ್ನುವುದು ಹೇಗೆ? ಅರ್ಜಿ ಹಾಕಿದ್ದನ್ನು ಅವಳಿಗೆ ಹೇಳಲೇ ಇಲ್ಲ.

ಸಮಿತಿಯ ಮೇಡಂ ದಾಖಲೆ ಪುಸ್ತಕ ತಿರುವಿದರು. “ಹದಿನೆಂಟು ವರ್ಷ ಬರೀ ಸೊನ್ನೆ ಕಣ್ರೀ. ನಮ್ಮ ಮನೆ ಗೋಡೆಗೂ ಇದಕ್ಕಿಂತ ಜಾಸ್ತಿ ಕಿರಣ ಬಿದ್ದಿರುತ್ತೆ.”

“ಬ್ಯಾಡ್ಜ್ ಡ್ರಾಯರಲ್ಲಿತ್ತು ಮೇಡಂ. ತಪ್ಪಾಯ್ತು.”

“ಬೇಕಾದಾಗ ಎಲ್ರೂ ಹೀಗೇ ಅಂತಾರೆ. ನೋಡಿದವರು ಯಾರಿದಾರೆ?”

“ನನ್ನ ತಂಗಿ. ಎಂಟು ವರ್ಷದಿಂದ ಜೊತೇಲೇ ಇದಾಳೆ.”

ಮೇಡಂ ಒಳ್ಳೆಯವರು, ಆಗಲೇ ಫೋನ್ ಮಾಡಿದರು. “ಅವರು ಬಂದಾಗ ನೀವು ತುಟಿ ಬಿಚ್ಚಕೂಡದು” ಎಂದೂ ಹೇಳಿದರು.

ತಂಗಿ ಓಡಿ ಬಂದಳು. ಮೇಜಿನ ಮೇಲೆ ತೆರೆದ ಪುಸ್ತಕ, ಮೂವರು ದೊಡ್ಡವರು, ಮೂಲೆಯಲ್ಲಿ ತಲೆತಗ್ಗಿಸಿ ನಿಂತ ಅಣ್ಣ. ಅವಳಿಗೆ ಎಲ್ಲ ಅರ್ಥವಾಗಿಹೋಯಿತು.

“ನಿಮ್ಮಣ್ಣ ಬ್ಯಾಡ್ಜ್ ಎಲ್ಲಿಡ್ತಿದ್ರು? ನಿಜ ಹೇಳಿ.”

“ಎದೆ ಮೇಲೆ ಮೇಡಂ. ಒಂದಿನಾನೂ ತಪ್ಪಿಸಿದ್ದಿಲ್ಲ. ಬೇಕಾದ್ರೆ ನಮ್ಮಮ್ಮನ ಮೇಲೆ ಆಣೆ ಮಾಡ್ತೀನಿ.”

ಉಸಿರಪ್ಪ ಬಾಯಿ ತೆರೆದ. ಮೇಡಂ ಕೈ ಎತ್ತಿದರು, ಪುಸ್ತಕ ಮುಚ್ಚಿದರು.

ಹೊರಗೆ ಬಂದ ಮೇಲೆ ತಂಗಿ ಅವನ ತೋಳು ಹಿಡಿದುಕೊಂಡಳು. “ಹೆಂಗೆ ಹೇಳ್ದೆ ನಾನು? ನೀನು ಸಿಕ್ಕಿಹಾಕ್ಕೊಂಡಿದ್ದೆ ಅಲ್ವಾ? ಸದ್ಯ, ನಾನಿದ್ದೆ.”

ಇವಳಷ್ಟು ಪ್ರೀತಿಸುವವರು ಅವನಿಗೆ ಇನ್ಯಾರೂ ಇರಲಿಲ್ಲ. ಪೊರೆಯ ಮಬ್ಬಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ, ನಗುತ್ತಿದ್ದಾಳೆ ಎಂಬುದಷ್ಟೇ ತಿಳಿಯಿತು.

“ಚೆನ್ನಾಗಿ ಹೇಳ್ದೆ ಪುಟ್ಟಿ” ಎಂದ. “ಈಗ ಹೋಗಿ ನಿನ್ನ ಬ್ಯಾಡ್ಜ್ ತೆಗೆದು ಎದೆಗೆ ಹಾಕ್ಕೋ. ನನ್ನಾಣೆ.”

“ಆಹಾ! ನನ್ನನ್ನ ಫೈಲುಗಳ ಕೋಣೆಗೆ ತಳ್ಳೋ ಯೋಚನೇನಾ?” ಎಂದು ಅವಳು ಅವನ ಬೆನ್ನಿಗೊಂದು ಗುದ್ದಿ, ಕಾಲು ಮುರಿದವರೊಬ್ಬರು ಕಾಯುತ್ತಿದ್ದಾರೆಂದು ಮೆಟ್ಟಿಲಿಳಿದು ಓಡಿದಳು.