ಹಾಜರಿಯ ಗಂಟೆ

ನಮ್ಮ ಮನೆಯಲ್ಲಿ ಗಂಟೆ ಬಾರಿಸುವಂತಿರಲಿಲ್ಲ. ಊಟಕ್ಕೆ ಕರೆಯಲು ಊರಿನ ಎಲ್ಲ ಹಿತ್ತಿಲುಗಳಲ್ಲೂ ಒಂದೊಂದು ಗಂಟೆ ತೂಗುತ್ತಿತ್ತು. ನಮ್ಮಲ್ಲಿ ಮಾತ್ರ ಗಂಟಲು ಹರಿದುಕೊಂಡು ಕೂಗಬೇಕು. ಗೋಡೆ ಗಡಿಯಾರದ ಹೊಟ್ಟೆಗೆ ಅಪ್ಪ ಹಳೆಯ ಬಟ್ಟೆ ತುರುಕಿದ್ದ. ರೊಟ್ಟಿ ಗಾಡಿಯವನು ನಮ್ಮ ಬೇಲಿ ದಾಟುವ ತನಕ ಕುದುರೆಯ ಕೊರಳಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕೆಂದು ತಾಕೀತಾಗಿತ್ತು. ನನ್ನಪ್ಪ ವಾಲ್ಟರ್ ಗಾರ್ತ್‌ಗೆ ಸದ್ದು ಆಗದು ಎಂದು ಊರು ನಂಬಿತ್ತು.

ನಿಜಕ್ಕೂ ಆಗದಿದ್ದುದು ಅಜ್ಜಿಗೆ. ಗಂಟೆ ಕೇಳಿದರೆ ಸಾಕು, ಎಪ್ಪತ್ತೇಳರ ಆ ಮುದುಕಿ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಎದ್ದು ನೆಟ್ಟಗೆ ನಿಲ್ಲುತ್ತಿದ್ದಳು. ಕಣ್ಣು ನೆಲದ ಮೇಲೆ, ಬಲಗೈ ತೊಡೆಗೆ ಅಂಟಿಕೊಂಡು. ಎಡಗೈ ಮಾತ್ರ ಪಕ್ಕಕ್ಕೆ ಕೊಂಚ ಚಾಚಿ, ಬೆರಳು ಅರ್ಧ ಮಡಚಿಕೊಂಡಿರುತ್ತಿತ್ತು. ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅಪ್ಪ ಓಡಿಬಂದು ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದ ಮೇಲೆಯೇ ಕೂರುತ್ತಿದ್ದಳು.

"ವಯಸ್ಸಾಯ್ತು ಲೆಟಿ, ತಲೆ ನೆಟ್ಟಗಿಲ್ಲ," ಎನ್ನುತ್ತಿದ್ದ ಅಪ್ಪ. ನಾನೂ ನಂಬಿದ್ದೆ. ಇಪ್ಪತ್ತೆರಡು ವರ್ಷ ನಂಬಿದ್ದೆನಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಾವಿರದ ಒಂಬೈನೂರ ಮೂರರಲ್ಲಿ ನಮ್ಮೂರ ಚರ್ಚಿಗೆ ಐವತ್ತು ತುಂಬಿತು. ಊರು ಕಟ್ಟಿದ ಒಂಬತ್ತು ಮನೆತನಗಳ ಹಿರಿಯರ ಹೆಸರು, ಅವರು ಬಂದ ಹಡಗಿನ ಹೆಸರು ಹಿತ್ತಾಳೆಯ ಫಲಕದಲ್ಲಿ ಏರಬೇಕೆಂದು ತೀರ್ಮಾನವಾಯಿತು. ಮೇಲೆ ದಪ್ಪಕ್ಷರದಲ್ಲಿ 'ಸ್ವತಂತ್ರರಾಗಿ ಬಂದವರು' ಎಂಬ ತಲೆಬರಹ. ನಮ್ಮ ಟಾಸ್ಮೇನಿಯಾ ದ್ವೀಪದಲ್ಲಿ ಯಾರನ್ನು ಕೇಳಿದರೂ ಅವರ ಹಿರಿಯರು ಸ್ವತಂತ್ರರಾಗಿಯೇ ಬಂದವರು. ಹಾಗಾದರೆ ಇಂಗ್ಲೆಂಡಿನವರು ಐವತ್ತು ವರ್ಷ ಹಡಗುಗಟ್ಟಲೆ ತಂದು ಸುರಿದ ಕೈದಿಗಳೆಲ್ಲ ಎಲ್ಲಿ ಆವಿಯಾದರೋ ದೇವರೇ ಬಲ್ಲ.

ಫಲಕದ ಜೊತೆಗೆ ಚರ್ಚಿಗೆ ಮೊದಲ ಸಲ ಗಂಟೆಯೂ ಬಂತು. ಚರ್ಚಿನ ಮೇಲ್ವಿಚಾರಕನಾದ ಅಪ್ಪ, ಗೋಪುರ ಭಾರ ತಡೆಯದು ಎಂದು ಎಂಟು ವರ್ಷ ಅದನ್ನು ತಡೆದಿದ್ದ. ಈ ಸಲ ಒಂದೇ ಒಂದು ಮತದಿಂದ ಸೋತ.

ಫಲಕದ ಉಸ್ತುವಾರಿ ಮಿಸೆಸ್ ಪೆಲ್ ಅವರದು. ಬೀದಿಯಲ್ಲಿ ನನ್ನನ್ನು ಅಡ್ಡಗಟ್ಟಿ ನಿಲ್ಲಿಸಿದರು.

"ಏನಮ್ಮ ಲೆಟಿ, ನಿಮ್ಮಪ್ಪ ಬರ್ಕೊಟ್ಟಿರೋ ಹಡಗು ಆ ವರ್ಷ ಈ ಕಡೆ ತಲೇನೇ ಹಾಕಿಲ್ವಂತೆ. ನಿಮ್ಮಜ್ಜಿ ಏನು ಈಜ್ಕೊಂಡ್ ಬಂದ್ರಾ?"

"ಅಪ್ಪ ಮರ್ತಿರ್ಬೇಕು, ಮಿಸೆಸ್ ಪೆಲ್."

"ಹಾಗಾದ್ರೆ ನೆನಪು ಮಾಡ್ಕೊಳ್ಳಕ್ಕೆ ಹೇಳು. ಶನಿವಾರ ಕೆತ್ತೋನು ಬರ್ತಾನೆ. ಹೆಸರು ಬರ್ಲಿಲ್ಲಾಂದ್ರೆ ಗಾರ್ತ್ ಜಾಗ ಖಾಲಿ ಬಿಡ್ತೀವಿ, ಅಷ್ಟೆ."

ಖಾಲಿ ಜಾಗ ಎಂದರೆ ಏನೆಂದು ನಮ್ಮ ದ್ವೀಪದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನಿಗೆ ಹೇಳಿದರೆ ಬೇಡವೆಂದಾನು ಎಂದು, ಬಟ್ಟೆ ತರುವ ನೆಪ ಹೇಳಿ ಹೋಬಾರ್ಟಿನ ರೈಲು ಹತ್ತಿದೆ.

ಹಳೆಯ ಹಡಗುಗಳ ದಾಖಲೆ ಇಟ್ಟಿದ್ದ ಸರ್ಕಾರಿ ದಫ್ತರದ ಕೋಣೆಯ ಗುಮಾಸ್ತ ಬಡಕಲು ಮುದುಕ. ಪ್ರಯಾಣಿಕರ ಪಟ್ಟಿಯಲ್ಲಿ ಅಜ್ಜಿ ಇರಲಿಲ್ಲ. ಎರಡು ಗಂಟೆ ಹುಡುಕಿದ ಮೇಲೆ ಆತ ಕೆಮ್ಮಿದ.

"ಇನ್ನೊಂದು ಪುಸ್ತಕ ಇದೆ, ತಾಯಿ. ಅದು ಬೇಕಾದೋರೆಲ್ಲ ಮೊದ್ಲು ಇದನ್ನೇ ಕೇಳ್ತಾರೆ."

ಮದುವೆಗೆ ಮುಂಚೆ ಅಜ್ಜಿಯ ಮನೆತನ ಡೌಡ್ ಎಂದು ಅವಳ ಪ್ರಾರ್ಥನೆ ಪುಸ್ತಕದಲ್ಲಿ ನೋಡಿದ್ದೆ. ಆ ಇನ್ನೊಂದು ಪುಸ್ತಕದಲ್ಲಿ ಅವಳು ಹತ್ತೇ ನಿಮಿಷದಲ್ಲಿ ಸಿಕ್ಕಿದಳು. ಸುಸಾನಾ ಡೌಡ್, ವಯಸ್ಸು ಇಪ್ಪತ್ತು. ಹಡಗು ಎಲಿನರ್ ಗ್ರೇ. ಕದ್ದದ್ದು ಆರು ಗಜ ಫ್ಲಾನೆಲ್ ಬಟ್ಟೆ. ಶಿಕ್ಷೆ ಏಳು ವರ್ಷ. ಎಡ ಹುಬ್ಬಿನ ಮೇಲೆ ಗಾಯದ ಕಲೆ.

ಆ ಕಲೆಗೆ ನಾನು ದಿನಾ ಮಲಗುವ ಮುನ್ನ ಮುತ್ತಿಡುತ್ತಿದ್ದೆ. ಅಕ್ಷರಗಳು ಕಣ್ಣೆದುರು ಮಂಜಾದವು. ಕೆಳಗೆ ಇನ್ನೊಂದು ಸಾಲಿತ್ತು: 'ಹೆಂಗಸರ ಸೆರೆಮನೆಯಲ್ಲಿ ಹೆತ್ತ ಮಗುವಿಗೆ ನಲವತ್ತೊಂದನೆಯ ಪುಟ ನೋಡಿ.' ನಲವತ್ತೊಂದನೆಯ ಪುಟವೇ ಇರಲಿಲ್ಲ. ಬುಡದಲ್ಲಿ ನುಣ್ಣಗೆ ಕತ್ತರಿಸಿದ ಅಂಚು ಮಾತ್ರ ಇತ್ತು.

"ಕ್ಷೌರದ ಕತ್ತಿ," ಎಂದ ಗುಮಾಸ್ತ. "ಕೋಟು ಹಾಕ್ಕೊಂಡು ದೊಡ್ಡ ಮನುಷ್ಯರು ಬರ್ತಾರೆ. ನಾನು ಟೀ ಕುಡಿಯಕ್ಕೆ ಹೋಗ್ತೀನಿ. ಬರೋಷ್ಟ್ರಲ್ಲಿ ಪುಸ್ತಕ ಸಣ್ಣ ಆಗಿರುತ್ತೆ."

ಮನೆಗೆ ಬಂದಾಗ ಅಪ್ಪ ಕೊಟ್ಟಿಗೆಯಲ್ಲಿ ಸೇಬಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ.

"ಎಲಿನರ್ ಗ್ರೇ," ಎಂದೆ.

ಸುತ್ತಿಗೆ ನಿಂತಿತು. "ಯಾರ್ ಹತ್ರ ಹೇಳ್ದೆ?"

"ಯಾರ್ ಹತ್ರನೂ ಇಲ್ಲ. ಅಪ್ಪ, ಅಜ್ಜಿಗೆ ಅಲ್ಲಿ ಒಂದು ಮಗು ಆಗಿತ್ತಂತೆ. ಅದೇನಾಯ್ತು?"

"ಸತ್ತೋಯ್ತು."

"ನಿಂಗೆ ಹೇಗೆ ಗೊತ್ತು?"

"ಸತ್ತೋಯ್ತು ಅಂದ್ನಲ್ಲ!" ಅಪ್ಪನ ಮುಖ ಸುಣ್ಣದಂತಾಗಿತ್ತು. "ಕೇಳು ಲೆಟಿ. ಮೂವತ್ತು ವರ್ಷ ಬೇಕಾಯ್ತು ನಂಗೆ, ಈ ಊರಲ್ಲಿ ನಾಲ್ಕು ಜನ ಟೋಪಿ ಎತ್ತಿ ಮಾತಾಡ್ಸೋ ಹಾಗಾಗಕ್ಕೆ. ಆ ಪೆಲ್ಲಮ್ಮಂಗೆ ಗೊತ್ತಾದ್ರೆ ಒಂದೇ ದಿನದಲ್ಲಿ ಮಣ್ಣುಪಾಲು. ನಿನ್ನ ಕೈ ಹಿಡಿಯೋಕೂ ಯಾರೂ ಬರಲ್ಲ."

ಅವನು ಬೇಡಿಕೊಳ್ಳುತ್ತಿದ್ದ. ಅಪ್ಪ ಬೇಡಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪ್ರಯಾಣಿಕರ ಪಟ್ಟಿಯಲ್ಲಿ ಓದಿದ್ದ ಒಂದು ಒಳ್ಳೆಯ ಹಡಗಿನ ಹೆಸರನ್ನು ಚೀಟಿಯಲ್ಲಿ ಬರೆದು ಮಿಸೆಸ್ ಪೆಲ್ ಅವರಿಗೆ ಕಳಿಸಿದೆ. ಸುಳ್ಳು ಹಿತ್ತಾಳೆಯ ಮೇಲೆ ಚೆನ್ನಾಗಿಯೇ ಕೂತಿತು.

ಉಳಿದದ್ದು ಭಾನುವಾರದ ಗಂಟೆ. ಅಜ್ಜಿಗೆ ಜ್ವರ ಎಂದು ಹೇಳಿ ಕಳಿಸಿದೆವು. ಬೆಳಿಗ್ಗೆ ನೋಡಿದರೆ ಮಿಸೆಸ್ ಪೆಲ್ ಸ್ವತಃ ಸಾರೋಟು ತಂದು ಬಾಗಿಲಲ್ಲಿ ನಿಂತಿದ್ದಾರೆ.

"ದಿಂಬು ಹಾಕ್ಸಿದೀನಿ, ಕಂಬಳಿನೂ ಇದೆ. ಬದುಕಿರೋ ಹಿರಿಯರು ಮೂರೇ ಜನ. ಅವರನ್ನ ಬಿಟ್ಟು ಫಲಕ ತೆರೆಯೋದಾ?"

ಅವರ ಬೆನ್ನ ಹಿಂದೆ ಅಂಗಳದಲ್ಲಿ ಅಜ್ಜಿ ಆಗಲೇ ಕಪ್ಪು ಟೋಪಿ ಧರಿಸಿ ಮದುಮಗಳ ಹಾಗೆ ನಗುತ್ತಿದ್ದಳು. ಅಪ್ಪ ಅವಳನ್ನು ಒಳಗೆ ಕರೆದೊಯ್ದು ಎರಡು ಕಿವಿಗೂ ಕುರಿಯ ಉಣ್ಣೆ ತುಂಬಿ, ಮೇಲೆ ಟೋಪಿಯ ದಾರ ಬಿಗಿಯಾಗಿ ಕಟ್ಟಿದ.

ಚರ್ಚಿನಲ್ಲಿ ಮೊದಲ ಸಾಲು. ನಾನು ಅಜ್ಜಿಯ ಬಲಗೈ ಹಿಡಿದು ಕೂತೆ. ಅಪ್ಪ ಬಾಗಿಲ ಬಳಿ ನಿಂತ. ಗಂಟೆ ಮೊಳಗಿತು. ಉಣ್ಣೆಯಿಂದ ಏನು ಪ್ರಯೋಜನ, ಕಾಲಡಿಯ ಹಲಗೆಯೇ ಗುಂಯ್‌ಗುಟ್ಟಿತು. ಅಜ್ಜಿ ನನ್ನ ಕೈ ಕೊಡವಿ ಎದ್ದು ನಿಂತಳು. ಗೌರವಕ್ಕೆ ಎದ್ದಳೆಂದು ಮಿಸೆಸ್ ಪೆಲ್ ಮೆಚ್ಚಿ ತಲೆದೂಗಿದರು. ಇಷ್ಟಕ್ಕೇ ಮುಗಿಯಲಿ ದೇವರೇ ಎಂದು ಹಲ್ಲು ಕಚ್ಚಿಕೊಂಡೆ.

ಪಾದ್ರಿ ಫಲಕದ ಹೆಸರುಗಳನ್ನು ಓದತೊಡಗಿದರು. ಅವರದು ಗುಡುಗಿನ ಗಂಟಲು. ಮೊದಲನೆಯ ಹೆಸರು, ಎರಡನೆಯದು, ಮೂರನೆಯದು.

"ಸುಸಾನಾ ಗಾರ್ತ್!"

"ಸುಸಾನಾ ಡೌಡ್," ಎಂದಳು ಅಜ್ಜಿ. ಅದು ಇಪ್ಪತ್ತರ ಹುಡುಗಿಯ ಗಂಟಲು. "ಎಲಿನರ್ ಗ್ರೇ. ಏಳು ವರ್ಷ."

ಹಿಂದೆ ಯಾರೋ ಕಿಸಕ್ಕೆಂದರು. "ಏನಂದ್ರು? ಏಳು ವರ್ಷ ಅಂದ್ರಾ?" ಎಂದು ಮಿಸೆಸ್ ಪೆಲ್ ಎಲ್ಲರಿಗೂ ಕೇಳುವಂತೆ ಪಕ್ಕದವರನ್ನು ಕೇಳಿದರು. ನಾನು ಅಜ್ಜಿಯ ತೋಳು ಜಗ್ಗಿದೆ. ಅವಳು ಕೂರಲಿಲ್ಲ. ಮೊಣಕಾಲು ತರತರ ನಡುಗುತ್ತಿದ್ದರೂ, ಸೆರೆಮನೆಯ ಹಾಜರಿಯಲ್ಲಿ ಉತ್ತರ ಬರುವ ಮುನ್ನ ಕೂತರೆ ಛಡಿಯೇಟು ಕಾದಿದೆ ಎಂಬಂತೆ ನೆಲ ನೋಡುತ್ತ ನಿಂತಳು.

ಅಪ್ಪ ನಡುವಿನ ದಾರಿಯಲ್ಲಿ ಬಂದ. ಎಂದಿನಂತೆ ಬಗ್ಗಿ ಪಿಸುಗುಟ್ಟಿದ. ಉಣ್ಣೆ ತುಂಬಿದ ಕಿವಿಗೆ ಅದೆಲ್ಲಿ ಕೇಳಬೇಕು? ಟೋಪಿಯ ದಾರಕ್ಕೆ ಕೈ ಹಾಕಿದವನು, ಅವಳ ಕಾಲಿನ ನಡುಕ ಕಂಡು ಅಲ್ಲೇ ನಿಂತುಬಿಟ್ಟ. ಆಮೇಲೆ ನೆಟ್ಟಗಾಗಿ, ಚರ್ಚಿಗೆ ಚರ್ಚೇ ಕೇಳುವಂತೆ ಕೂಗಿದ.

"ಡೌಡ್, ಹಾಜರ್!"

ಅಜ್ಜಿ ಉಸಿರು ಬಿಟ್ಟಳು. ಆದರೂ ಕೂರಲಿಲ್ಲ. ಎಡಗೈ ಪಕ್ಕಕ್ಕೆ ಚಾಚಿಯೇ ಇತ್ತು. ಈಗ ಆ ಕಡೆಗೇ, ತನ್ನ ಸೊಂಟದ ಎತ್ತರಕ್ಕೆ, ಗಾಬರಿಯಿಂದ ನೋಡುತ್ತಿದ್ದಳು.

ಅಪ್ಪ ಆ ಕೈಯನ್ನು ನೋಡಿದ. ಸುತ್ತ ಕೂತ ಊರನ್ನು ಒಮ್ಮೆ ನೋಡಿದ. ಮೊಣಕಾಲೂರಿ ತನ್ನ ಕೈಯನ್ನು ಆ ಮಡಚಿದ ಬೆರಳುಗಳೊಳಗೆ ಇಟ್ಟ.

"ವಾಲ್ಟರ್ ಡೌಡ್," ಎಂದ. "ಸೆರೆಮನೇಲೇ ಹುಟ್ಟಿದೋನು. ಹಾಜರ್."

ಅಜ್ಜಿ ಕೂತಳು. ಸತ್ತುಹೋಯಿತು ಎಂದು ಅಪ್ಪ ನನಗೆ ಹೇಳಿದ್ದ ಆ ಮಗು, ಐವತ್ತೈದನೆಯ ವಯಸ್ಸಿನಲ್ಲಿ, ಊರೆಲ್ಲ ನೋಡುತ್ತಿರುವಾಗ ತನ್ನ ತಾಯಿಯ ಕೈ ಹಿಡಿದುಕೊಂಡು ನೆಲದ ಮೇಲೇ ಕೂತಿತ್ತು.