ಹನ್ನೆರಡು ತಾಟಿನ ಸಪ್ಪಳ

ನಾರಾಯಣಪುರದ ಹಿನ್ನೀರಿನ ದಂಡೆಯಲ್ಲಿ ಮುಂಜಾಗ್ರತೆ ಎಂದರೆ ನಾನೇ, ಹುಲಗಪ್ಪ. ನೀರಾವರಿ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ಕಾರಕೂನನಾಗಿದ್ದು ನಿವೃತ್ತನಾದವನು, ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಒಂದು ದಿನ ಮೊಬೈಲಿಗೆ ಸಂದೇಶ ಬಂತು: ನಾಳೆ ಬೆಳಿಗ್ಗೆ ದಟ್ಟ ಮಂಜು, ಹತ್ತರ ನಂತರ ಬಿರುಗಾಳಿ. ಸಂಜೆಯೊಳಗೆ ಓಣಿಯ ತಗಡುಗಳ ಮೇಲೆಲ್ಲ ಕಲ್ಲು ಹೇರಿಸಿದೆ, ತೊಗರಿ ರಾಶಿಗೆ ತಾಡಪತ್ರಿ ಕಟ್ಟಿಸಿದೆ, ತೆಪ್ಪಗಳನ್ನು ದಡಕ್ಕೆಳೆಸಿ ಬೋರಲು ಹಾಕಿಸಿದೆ.

ಒಂದು ತೆಪ್ಪ ಮಾತ್ರ ನನ್ನ ಮಾತು ಕೇಳಲಿಲ್ಲ. ಅದು ನನ್ನ ಗೆಳೆಯ ಯಾಕೂಬಸಾಬನದು. ಗಾಳಿ ಎದ್ದರೆ ಬಲೆ ಹರಿದುಹೋಗುತ್ತದೆ, ಅದಕ್ಕೂ ಮುಂಚೆ ತೆಗೆದುಕೊಂಡು ಬರುತ್ತೇನೆ ಎಂದು ಮರುದಿನ ಬೆಳಕು ಹರಿಯುತ್ತಲೇ ನೀರಿಗಿಳಿದ. ಅವನ ಹಿಂದೆಯೇ ಮಂಜು ಕವಿಯಿತು. ನನ್ನ ಕೈಯ ಕೋಲಿನ ತುದಿ ನನಗೇ ಕಾಣದು. ಒಂಬತ್ತಾದರೂ ಅವನ ಸುಳಿವಿಲ್ಲ. ಅವನಿನ್ನೂ ನಡುನೀರಿನಲ್ಲಿರುವಾಗ ಗಾಳಿ ಬಂದರೆ, ಬುಟ್ಟಿಯಂಥ ಆ ತೆಪ್ಪ ತೆರೆಗೆ ಮಗುಚಿಕೊಳ್ಳುವುದು ಖಂಡಿತ.

ಮಂಜು ಬಿದ್ದಾಗ ದಂಡೆಯವರು ಊಟದ ತಾಟು ಬಡಿಯುತ್ತಾರೆ. ನೀರಿನ ಮೇಲಿದ್ದವನು ಆ ಸಪ್ಪಳದ ಕಡೆ ಹುಟ್ಟು ಹಾಕುತ್ತ ಬರುತ್ತಾನೆ. ಯಾಕೂಬನ ಹೆಂಡತಿ ಮಕ್ತುಂಬಿ ತೆಪ್ಪ ನಿಲ್ಲುವ ಕಲ್ಲಿನ ಮೇಲೆ ನಿಂತು ಆಗಲೇ ಬಡಿಯುತ್ತಿದ್ದಳು. ಒಂದು ತಾಟು ಎಲ್ಲಿಗೆ ಸಾಲಬೇಕು? ನಾನು ಓಣಿಯವರನ್ನೆಲ್ಲ ಕರೆತಂದು ದಂಡೆಯುದ್ದಕ್ಕೂ ಐವತ್ತು ಹೆಜ್ಜೆಗೊಬ್ಬರಂತೆ ಹನ್ನೆರಡು ಜನರನ್ನು ನಿಲ್ಲಿಸಿದೆ.

"ಬಡೀರಿ! ಕೈ ನಿಂದ್ರಬಾರ್ದು!"

ಏನು ಸಪ್ಪಳ ಅಂತೀರಿ! ನನ್ನ ವ್ಯವಸ್ಥೆಗೆ ನಾನೇ ತಲೆದೂಗಿದೆ. ಅರ್ಧ ತಾಸು ಕಳೆಯಿತು. ಯಾಕೂಬ ಬರಲಿಲ್ಲ. ಮಕ್ತುಂಬಿ ತನ್ನ ತಾಟನ್ನು ಕಲ್ಲಿಗೆ ಕುಕ್ಕಿದಳು.

"ಕಾರಕೂನ್ರ, ಮೊದ್ಲ ಇವ್ರನ್ನ ನಿಂದರಸ್ರಿ! ದಂಡಿ ತುಂಬ ಬಡದ್ರ ಅಂವ ಯಾ ಕಡಿ ಬರಬೇಕು? ನನ್ನ ಗಂಡ ನಡುನೀರಾಗ ಗಿರಗಿಟ್ಲಿ ತಿರಗಾಕತ್ತಾನ, ನಿಮ್ಮಿಂದ!"

ಒಂದೇ ನೋಟೀಸಿಗೆ ಹನ್ನೆರಡು ಪ್ರತಿ ಮಾಡಿದ ಕೈ ನನ್ನದು. ಹೆಚ್ಚಾದಷ್ಟೂ ಒಳ್ಳೆಯದು ಎಂಬುದೊಂದೇ ನನಗೆ ಗೊತ್ತು. ದಂಡೆಯುದ್ದಕ್ಕೂ ಓಡಿ ಎಲ್ಲರ ಕೈ ಹಿಡಿದು ನಿಲ್ಲಿಸಿದೆ. ಏದುಸಿರು ಬಿಡುತ್ತ ಕಲ್ಲಿನ ಬಳಿ ಬಂದಾಗ ಕಿವಿಗೆ ತಣ್ಣನೆಯ ಗಾಳಿ ತಾಗಿತು. ಬಿರುಗಾಳಿ ಹತ್ತಿರ ಬಂದಿತ್ತು.

ಮಕ್ತುಂಬಿ ತಾಟು ಮುಟ್ಟಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ.

"ಎಲ್ಲಾದ್ರಾಗೂ ಮೂಗು ತೂರಸ್ತೀರಿ! ಕಲ್ಲು ಇಡ್ರಿ, ಹಗ್ಗ ಕಟ್ರಿ... ನಿಮ್ಮ ಬಾಯಿಗ್ಯಾರು ಹಗ್ಗ ಕಟ್ಟಬೇಕು?"

ಆಗ ಮಂಜಿನೊಳಗಿಂದ, ದೂರದಿಂದ, ಒಂದು ಕೂಗು:

"ಬೈ! ಇನ್ನಾ ಬೈ! ಆ ದನಿ ಹಿಡದ ಬರಾಕತ್ತೇನಿ!"

ಯಾಕೂಬ! ಮಕ್ತುಂಬಿ ಬಾಯಿ ತೆರೆದಳು, ಅಳು ಬಂತೇ ಹೊರತು ಬೈಗುಳ ಬರಲಿಲ್ಲ. "ಇನ್ನೇನಂತ ಬೈಲ್ರಿ?" ಎಂದು ನನ್ನನ್ನೇ ಕೇಳಿದಳು.

"ತೆಲಿಯಿಲ್ಲದ ಮುದುಕ ಅನ್ನವ್ವ! ಹುಲಗಪ್ಪಗ ಬುದ್ಧಿಯಿಲ್ಲ ಅನ್ನು, ಜೋರಾಗಿ ಅನ್ನು!"

ಅಂದಳು. ಬಾಯಿ ತುಂಬ ಅಂದಳು. ಯಾರಿಂದಲೂ ಒಂದು ಮಾತೂ ಅನ್ನಿಸಿಕೊಳ್ಳದ ನಾನು, ಅವಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಹೊಸದೊಂದನ್ನು ಹೇಳಿಕೊಟ್ಟೆ. ಹುಟ್ಟಿನ ಸಪ್ಪಳ ಹತ್ತಿರವಾಯಿತು, ತೆಪ್ಪ ಕಲ್ಲಿಗೆ ಬಂದು ತಾಗಿತು. ಬಲೆಯ ಮೇಲೆ ಕುಳಿತಿದ್ದ ಯಾಕೂಬ ನನ್ನನ್ನು ನೋಡಿ ನಕ್ಕ. ನಾನು ಅವನನ್ನು ಅಪ್ಪಿಕೊಂಡು ಗಳಗಳನೆ ಅತ್ತುಬಿಟ್ಟೆ.

ತೆಪ್ಪ ಬೋರಲು ಹಾಕಿ ಯಾಕೂಬನ ಮನೆ ಸೇರುವಷ್ಟರಲ್ಲಿ ಗಾಳಿ ಬಂತು. ಓಣಿಯ ಒಂದು ತಗಡೂ ಹಾರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ನೆನಪಿಸಲಿಲ್ಲ. ಮಕ್ತುಂಬಿ ಚಹಾದ ಮೊದಲ ಕಪ್ಪನ್ನು ಗಂಡನಿಗೆ ಕೊಡದೆ ನನ್ನ ಮುಂದಿಟ್ಟಳು.

"ಕುಡೀರಿ ಕಾರಕೂನ್ರ. ಬೈಯೋದು ಇನ್ನಾ ಬಾಳ ಐತಿ."

"ಬೈಯವ್ವ," ಎಂದೆ. "ದಿನಾ ಬೈ."